ಎರಡನೆಯ ಲೋಟದ ಹಾಲು

ಊರಿನ ದೊಡ್ಡ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವ ಬೈಂಡರನನ್ನು ಎಲ್ಲರೂ ಅಂಟಣ್ಣ ಎಂದೇ ಕರೆಯುತ್ತಿದ್ದರು. ಅಂಗಡಿಯ ಗೋಂದನ್ನು ಕಣ್ಣೆತ್ತಿಯೂ ನೋಡದೆ, ಮೈದಾ ಹಿಟ್ಟು ಕುದಿಸಿ ತಾನೇ ಅಂಟು ಮಾಡಿಕೊಳ್ಳುತ್ತಿದ್ದ. ಹಾಗೆ ಬಿದ್ದ ಅಡ್ಡಹೆಸರು ಅದು. ಬೇರೆಯವರಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ಇವನು ಒಂದು ದಿನ ಪೂರ್ತಿ ಯೋಚಿಸಿ, ಮಾರನೆಯ ದಿನ ಬಂದು, "ಸರಿಯಾಗಿದೆ" ಎಂದು ಒಪ್ಪಿಗೆ ಕೊಟ್ಟ.

ಬಿಸಿಲು ನೆತ್ತಿಯ ಮೇಲಿರುವ ತಿಂಗಳುಗಳಲ್ಲಿ ಅಂಟಣ್ಣನನ್ನು ಹಿಡಿಯುವವರೇ ಇರಲಿಲ್ಲ. ಮೂರು ಜನರ ಕೆಲಸವನ್ನು ಒಬ್ಬನೇ ಮಾಡಿ ಮುಗಿಸುತ್ತಿದ್ದ. ಊಟದ ಹೊತ್ತಿಗೆ ಮೇಲೆ ಬಂದನೆಂದರೆ, ಪುಸ್ತಕ ಕೊಡುವ ಕೌಂಟರಿನ ಮೇಡಂ ಎದುರು ನಿಂತು ದಾರ, ರಟ್ಟು, ಅಂಟು ಎಂದು ಶುರು. "ಅಂಟಣ್ಣ, ದಮ್ಮಯ್ಯ ಅಂತೀನಿ, ಜನ ಕಾಯ್ತಿದಾರೆ" ಎಂದು ಆಕೆ ಕೈಮುಗಿಯುವವರೆಗೂ ಮಾತು ನಿಲ್ಲುತ್ತಿರಲಿಲ್ಲ. ಆಮೇಲೆ ಬಿಸಿಲು ಓರೆಯಾಗುವ ಕಾಲ ಬರುತ್ತಿತ್ತು. ಎಲೆ ಉದುರಲು ಶುರುವಾದ ವಾರದಲ್ಲೇ ಒಳಗೆ ಯಾರೋ ಬತ್ತಿ ಇಳಿಸಿದ ಹಾಗೆ ಅವನು ಇಳಿದುಬಿಡುತ್ತಿದ್ದ. ಮಾತು ನಾಲಿಗೆಯವರೆಗೆ ಬಂದು ಅಲ್ಲೇ ಕೂರುವುದು. ಉಣ್ಣೆ ಬಟ್ಟೆ ಮೈಯನ್ನು ಕೆರೆಯುವುದು. ಹಾಸಿಗೆಯಿಂದ ನೆಲಕ್ಕೆ ಕಾಲಿಡುವ ಒಂದು ಕೆಲಸಕ್ಕೆ ಅರ್ಧ ಬೆಳಿಗ್ಗೆ ಬೇಕಾಗುವುದು. ಹಸಿವಾಗಿದೆಯೋ ಚಳಿಯಾಗಿದೆಯೋ ಎಂಬ ಸುದ್ದಿ ಕೂಡ ಅವನಿಗೆ ತಡವಾಗಿ ಮುಟ್ಟುತ್ತಿತ್ತು.

ನಲವತ್ತೊಂದನೆಯ ವಯಸ್ಸಿನಲ್ಲಿ ಒಬ್ಬರು ಡಾಕ್ಟರಮ್ಮ ಮೂರು ಸಲ ಕೂರಿಸಿಕೊಂಡು ಮಾತಾಡಿಸಿ, ಅವನದು ಆಟಿಸಂ ಎಂದು ಹೇಳಿದರು. "ಬೆಳಕು, ಚಳಿ, ಸದ್ದು ಎಲ್ಲಾ ನಿಮ್ಮ ಮೈಗೆ ಬೇರೆಯವರಿಗಿಂತ ಜೋರಾಗಿ ತಾಕುತ್ತೆ. ಕಾಲ ಬದಲಾದ್ರೆ ನಿದ್ದೆ, ಬಟ್ಟೆ, ದಿನಚರಿ ಎಲ್ಲಾ ಒಟ್ಟಿಗೇ ಬದಲಾಗುತ್ತಲ್ಲ, ಅದನ್ನ ತಡ್ಕೊಳ್ಳೋದ್ರಲ್ಲೇ ನಿಮ್ಮ ಶಕ್ತಿ ಮುಗಿದುಹೋಗುತ್ತೆ. ಎಲ್ಲರಿಗೂ ಹೀಗೇ ಆಗ್ಬೇಕು ಅಂತಿಲ್ಲ, ನಿಮಗೆ ಆಗುತ್ತೆ. ಇದು ಸೋಮಾರಿತನ ಅಲ್ಲ" ಎಂದರು. ಕೊನೆಯ ಮಾತನ್ನು ಕಾಗದದ ಮೇಲೆ ಬರೆದುಕೊಡಿ ಎಂದು ಅವನು ಕೇಳಿದ. ಪಾಪ, ಬರೆದುಕೊಟ್ಟರು.

ಡಾಕ್ಟರಮ್ಮ ಹೇಳುವ ಮೊದಲೇ ಅವನು ತನಗೊಂದು ದಾರಿ ಮಾಡಿಕೊಂಡಿದ್ದ. ಪ್ರತಿ ವರ್ಷ ಹತ್ತನೇ ತಿಂಗಳ ಇಪ್ಪತ್ತನೇ ತಾರೀಕು, ಇನ್ನೂ ಕೈಯಲ್ಲಿ ಬಲವಿರುವಾಗ, ಕೂತು ಅರವತ್ತು ಚೀಟಿ ಬರೆಯುತ್ತಿದ್ದ. 'ಎದ್ದು ಕೂತ್ಕೋ.' 'ಹಸಿವಾಗದಿದ್ದರೂ ಬ್ರೆಡ್ಡು ತಿನ್ನು.' 'ಭಾನುವಾರ ಫೋನ್ ಹೊಡೆದುಕೊಂಡರೆ ಅಕ್ಕ, ತಗೋ.' ಅವನ್ನು ಮೈದಾ ಅಂಟಿನಲ್ಲಿ ಕನ್ನಡಿ, ಒಲೆ, ಬಾಗಿಲ ಪಕ್ಕ ಅಂಟಿಸುವನು. ಇಳಿದ ಮೇಲೆ ಯೋಚನೆ ಮಾಡುವ ಗೋಜಿಲ್ಲ, ಚೀಟಿ ಹೇಳಿದಂತೆ ಮಾಡಿ ಅದನ್ನು ಕಿತ್ತು ಬಿಸಾಡಿದರಾಯಿತು. ಆ ಕಾಲದಲ್ಲಿ ಅವನಿಗೆ ಒಂದು ವಿಚಿತ್ರ ಅನ್ನಿಸುತ್ತಿತ್ತು: ಚೀಟಿ ಬರೆದವನು ಬೇರೆ ಯಾರೋ. ತನ್ನ ಅಂಗಿ ಹಾಕಿಕೊಂಡು, ತನ್ನ ಮನೆಯಲ್ಲಿ ಓಡಾಡಿಕೊಂಡು, ಜೋರಾಗಿ ಮಾತಾಡಿ ಹೋದ ಒಬ್ಬ. ಅವನಿಗೆ ಬೇಸಿಗೆಯವನು ಎಂದು ಹೆಸರಿಟ್ಟಿದ್ದ. ಆ ಬೇಸಿಗೆಯವನನ್ನು ನೆನೆದರೆ ಸ್ವಲ್ಪ ಭಯವೂ ಇತ್ತು.

ಅವನಿದ್ದದ್ದು ತಾನು ಹುಟ್ಟಿ ಬೆಳೆದ ಮನೆಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಈಗ ರಟ್ಟು ತುಂಬಿಟ್ಟ ಒಂದು ಪುಟ್ಟ ಕೋಣೆ. ಗೋಡೆಗಳಿಗೆಲ್ಲ ಹೂಬಳ್ಳಿಯ ಚಿತ್ರದ ಹಳೆಯ ಕಾಗದ. ಅದನ್ನು ಅಂಟಿಸಿದವರು ಅಪ್ಪ. ಅಮ್ಮ ಸತ್ತಾಗ ಅವನಿಗೆ ಐದು ವರ್ಷ. ಅವಳ ಬಗ್ಗೆ ನೆನಪಿದ್ದದ್ದು ಒಂದೇ: ನಡುಕೋಣೆಯ ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತಿರುವ ಹೆಂಗಸು, ಎಷ್ಟು ಕರೆದರೂ ಬೇಗ ತಿರುಗುತ್ತಿರಲಿಲ್ಲ. ಅಮ್ಮನಿಗೆ ತನ್ನನ್ನು ಕಂಡರೆ ಆಗುತ್ತಿರಲಿಲ್ಲ ಎಂದು ಆಗಲೇ ತೀರ್ಮಾನಿಸಿದ್ದ. ಅಡ್ಡಹೆಸರನ್ನು ಒಪ್ಪಿಕೊಂಡ ಹಾಗೆ ಇದನ್ನೂ ತಕರಾರಿಲ್ಲದೆ ಒಪ್ಪಿಕೊಂಡಿದ್ದ.

ಕಳೆದ ವರ್ಷ ಚಳಿ ಬಹಳ ದಿನ ನಿಂತಿತು. ಅರವತ್ತು ಚೀಟಿಯೂ ಮುಗಿದು, ಅವನು ಹಾಸಿಗೆ ಹಿಡಿದ. ಅರ್ಧ ದಿನದ ರೈಲು ಹಿಡಿದು ಬಂದ ಅಕ್ಕ ಅವನ ಮೂಳೆ ಕಾಣುವ ಭುಜ ನೋಡಿ ಚೀಲವನ್ನು ಬಾಗಿಲಲ್ಲೇ ಬಿಟ್ಟು ಹಾಸಿಗೆಯ ಪಕ್ಕ ಬಂದು ಕೂತಳು.

"ನೋಡು ತಮ್ಮಾ, ಇದೇ ಕೊನೆ. ಬರೋ ವರ್ಷ ಚಳೀಲಿ ಬಂದಾಗ ನೀನು ಹಿಂಗೇ ಇದ್ರೆ, ಮನೆಗೆ ಬೀಗ ಹಾಕಿ ಕರ್ಕೊಂಡು ಹೋಗ್ತೀನಿ. ಇದನ್ನ ಇನ್ನೊಂದು ಸಲ ನೋಡೋ ಶಕ್ತಿ ನನಗಿಲ್ಲ."

"ಒಂದೇ ಸಲ ಅಲ್ವಾ ನೋಡಿದ್ದು?" ಎಂದು ಅವನು ಕೇಳಿದ. ಲೆಕ್ಕದಲ್ಲಿ ಅವನು ಬಲು ಖಚಿತ. ಅಕ್ಕ ಅವನ ಭುಜದ ಮೇಲೆ ಹೊದಿಕೆ ಎಳೆದಳು.

ಅಕ್ಕನ ಮನೆ ಎಂದರೆ ಮೂರು ಮಕ್ಕಳು, ಸದಾ ಉರಿಯುವ ಟೀವಿ, ಬೊಗಳುವ ನಾಯಿ, ಪಕ್ಕದಲ್ಲಿ ಗರಗಸದ ಕಾರ್ಖಾನೆ. ಹಿಂದೊಮ್ಮೆ ಎರಡು ದಿನ ಇದ್ದು ನೋಡಿದ್ದ. ಮೂರನೆಯ ದಿನ ಬೆಳಿಗ್ಗೆ ಅವನು ಸಿಕ್ಕಿದ್ದು ಬಟ್ಟೆಯ ಬೀರುವಿನೊಳಗೆ. ಆ ಮನೆಗೆ ಹೋದರೆ ನೆಲಮಾಳಿಗೆಯಿಲ್ಲ, ಪುಸ್ತಕವಿಲ್ಲ, ಮತ್ತೆ ಬೇಸಿಗೆಯವನು ಬರುವುದೂ ಇಲ್ಲ ಎಂದು ಅವನಿಗೆ ಗೊತ್ತಿತ್ತು. ಅಕ್ಕನ ಪ್ರೀತಿಯಲ್ಲಿ ಸುಳ್ಳಿರಲಿಲ್ಲ. ಹೊರಡುವ ಮೊದಲು ಅಡುಗೆಮನೆಗೂ ನಡುಕೋಣೆಗೂ ಒಂದೊಂದು ಹೊಸ ಹೀಟರ್ ಕೊಡಿಸಿ, "ಬರೋ ಚಳಿಗೆ ಮರೀದೆ ಹಾಕು" ಎಂದು ಹೇಳಿ ಹೋದಳು.

ಈ ವರ್ಷ ಚಳಿ ಹತ್ತೊಂಬತ್ತು ದಿನ ಮೊದಲೇ ಬಂತು. ಅವನಿಗೆ ಗೊತ್ತಾಗದೆ ಏನಿರಲಿಲ್ಲ. ಬಟ್ಟಲಿನ ಅಂಟಿಗೆ ಮಧ್ಯಾಹ್ನಕ್ಕೇ ಕೆನೆ ಕಟ್ಟುತ್ತಿತ್ತು. ರಟ್ಟುಗಳ ಅಂಚು ಮೇಲೇಳುತ್ತಿತ್ತು. ಅಂಟಿನ ಮಾತು ಸುಳ್ಳಾಗುವುದಿಲ್ಲ ಎಂದು ಇಡೀ ಗ್ರಂಥಾಲಯಕ್ಕೆ ಪಾಠ ಹೇಳುವವನೇ ಅವನು. ಆದರೂ ಚೀಟಿ ಬರೆಯುವುದು ಇಪ್ಪತ್ತನೇ ತಾರೀಕು. ಅದು ಒಂದನೇ ತಾರೀಕು. ತಾರೀಕು ಬರದೆ ಬರೆಯುವುದು ಹೇಗೆ? ಬೇರೆ ಯಾರೂ ಮಾಡದ ಈ ತಪ್ಪನ್ನು ಅವನು ಅತ್ಯಂತ ಶ್ರದ್ಧೆಯಿಂದ ಮಾಡಿದ. ನಾಲ್ಕನೆಯ ದಿನ ಬೆಳಿಗ್ಗೆ ಕಾಲು ನೆಲ ಮುಟ್ಟಲಿಲ್ಲ.

ಎರಡು ದಿನ ಮಲಗಿದ್ದ. ಗ್ರಂಥಾಲಯದಿಂದ ಫೋನು ಬಂತು. ಅದು ಹೊಡೆದುಕೊಳ್ಳುವುದನ್ನು ನೋಡುತ್ತಿದ್ದ, ತೆಗೆದುಕೊಳ್ಳಬೇಕೆಂದು ಹೇಳುವ ಚೀಟಿ ಇರಲಿಲ್ಲ. ಚಳಿ ಬಂದ ದಿನವೇ ಹಾಕಿಟ್ಟಿದ್ದ ಅಕ್ಕನ ಹೀಟರುಗಳು ಮಾತ್ರ ಉರಿಯುತ್ತಿದ್ದವು. ಮನೆಯೊಳಗೆ ಒಂದು ಸದ್ದು ಶುರುವಾಗಿತ್ತು. ಪಟ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಡೆ, ಪಟ್. ಗೋಡೆಯೊಳಗೆ ಕೂತು ಯಾರೋ ಪುಸ್ತಕದ ಹಾಳೆ ತಿರುವುತ್ತಿದ್ದಾರೆ ಎನ್ನಿಸಿತು. ಬೇರೆ ಕಾಲದಲ್ಲಾಗಿದ್ದರೆ ಆ ಸದ್ದು ಯಾವುದೆಂದು ಕೇಳಿದ ಕೂಡಲೇ ಹೇಳಿಬಿಡುತ್ತಿದ್ದ. ಈಗ ಸುಮ್ಮನೆ ಕೇಳಿಸಿಕೊಂಡ.

ಮೂರನೆಯ ಸಂಜೆ ನೀರು ಕುಡಿಯಲು ಅಡುಗೆಮನೆಗೆ ಹೋದಾಗ, ಒಲೆಯ ಮೇಲಿನ ಗೋಡೆಕಾಗದದ ಒಂದು ಮೂಲೆ ಸುರುಳಿ ಸುತ್ತಿಕೊಂಡು ಕೆಳಗೆ ಬಾಗಿತ್ತು. ಅದರ ಅಡಿಯಲ್ಲಿ ಒಂದು ಚೀಟಿ.

'ಹಾಲು ಕಾಯಿಸು. ಎರಡು ಲೋಟ.'

ಅಕ್ಷರ ಅವನದೇ. ಒಂದಕ್ಕೊಂದು ತಾಕದ, ಒತ್ತಿ ಬರೆದ, ನೆಟ್ಟಗೆ ನಿಂತ ಅಕ್ಷರ. ಆದರೆ ಪೆನ್ಸಿಲ್ ನೀಲಿ. ಅವನು ನೀಲಿ ಪೆನ್ಸಿಲ್ ಹಿಡಿದವನೇ ಅಲ್ಲ. ಬೇಸಿಗೆಯವನು ಹಿಡಿದಿರಬಹುದು ಎಂದುಕೊಂಡ. ಇಷ್ಟು ಯೋಚಿಸುವಷ್ಟರಲ್ಲಿ ಸುಸ್ತಾಯಿತು. ಹಾಲು ಕಾಯಿಸಿದ. ಒಂದು ಲೋಟ ಕುಡಿದ. ಇನ್ನೊಂದನ್ನು ಏನು ಮಾಡಬೇಕೆಂದು ಚೀಟಿಯಲ್ಲಿ ಇರಲಿಲ್ಲ, ಮೇಜಿನ ಮೇಲೆ ಎದುರು ಕುರ್ಚಿಯ ಮುಂದೆ ಇಟ್ಟ.

ಮಾರನೆಯ ಬೆಳಿಗ್ಗೆ ಹಾಸಿಗೆಯ ಪಕ್ಕದ ಗೋಡೆಯಲ್ಲಿ ಇನ್ನೊಂದು. 'ಎದ್ದ ತಕ್ಷಣ ಪರದೆ ಸರಿಸು. ಬೆಳಕು ಚುಚ್ಚಿದರೂ ಸರಿ.' ಎದ್ದು ಪರದೆ ಸರಿಸಿದ. ಎದ್ದಾದ ಮೇಲೆ ಉಳಿದದ್ದು ಕಾಲಿಗೆ ಗೊತ್ತಿತ್ತು, ಅದು ಅವನನ್ನು ಕೆಲಸಕ್ಕೆ ಕರೆದುಕೊಂಡು ಹೋಯಿತು. ಹೀಗೆ ವಾರ ಕಳೆಯಿತು. ಕೌಂಟರಿನ ಮೇಡಂ ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿದರು.

"ಏನ್ ಅಂಟಣ್ಣ, ಮನೆಗೆ ಯಾರಾದ್ರೂ ನೆಂಟರು ಬಂದಿದಾರಾ? ದಿನಾ ಎರಡೆರಡು ಪ್ಯಾಕೆಟ್ ಹಾಲು ತಗೊಂಡು ಹೋಗ್ತಿದೀರಂತೆ?"

ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಗೊತ್ತಿಲ್ಲ" ಎಂದ.

ಮೇಡಂ ನಕ್ಕರು. ನಗುತ್ತಾ ಅವನ ಮುಖ ನೋಡಿ ನಗು ನಿಲ್ಲಿಸಿದರು.

ಗೊತ್ತಿಲ್ಲ ಎಂದು ಅವನು ಹೇಳಿದ್ದಕ್ಕೆ ಕಾರಣವಿತ್ತು. ಹಿಂದಿನ ಸಂಜೆ ಹಿತ್ತಲ ಬಾಗಿಲ ಪಕ್ಕದಲ್ಲಿ ಕಾಗದ ಬಿಟ್ಟುಕೊಂಡು ಮೂರನೆಯ ಚೀಟಿ ಹೊರಗೆ ಬಂದಿತ್ತು. 'ಚಿಲಕ ಹಾಕು. ಅವನು ಹೊರಗೆ ಹೋಗಿಬಿಡ್ತಾನೆ.'

ಅವನು? ಯಾರು ಅವನು? ಅಂಟಣ್ಣ ಹಿತ್ತಲಿಗೆ ಇಣುಕಿ ನೋಡಿದ, ಯಾರೂ ಇರಲಿಲ್ಲ. ಆದರೆ ಚೀಟಿಗೆ ಎದುರಾಡಿ ಗೊತ್ತಿರಲಿಲ್ಲ, ಚಿಲಕ ಹಾಕಿದ. ಹಾಕಿದ ಮೇಲೆ ಮನೆಯಲ್ಲಿ ಇಬ್ಬರಿದ್ದಾರೆ ಎಂಬುದು ಗಟ್ಟಿಯಾದಂತಾಯಿತು. ಎರಡು ದಿನದ ಮೇಲೆ ಬೀರುವಿನ ಹಿಂದಿನಿಂದ ಇನ್ನೊಂದು ಬಂತು: 'ಚಳಿ. ಅವನಿಗೆ ಸ್ವೆಟರ್ ಹಾಕು.' ತನ್ನ ಹಳೆಯ ಸ್ವೆಟರನ್ನು ತಂದು ಎದುರು ಕುರ್ಚಿಯ ಬೆನ್ನಿಗೆ ಹೊದಿಸಿದ. ಸಂಜೆಯ ಓರೆ ಬೆಳಕಿನಲ್ಲಿ ಅದು ಭುಜ ಬಗ್ಗಿಸಿ ಕೂತವರಂತೆ ಕಾಣುತ್ತಿತ್ತು. ಅದರ ಮುಂದೆ ಹಾಲಿಟ್ಟು, ಎದುರಿಗೆ ಕೂತು ತನ್ನ ಪಾಲಿನದನ್ನು ಕುಡಿಯುತ್ತಿದ್ದ. ಇಬ್ಬರೂ ಮಾತಾಡುತ್ತಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಎರಡನೆಯ ಲೋಟ ಖಾಲಿಯಾಗಿತ್ತು. ಕುಡಿದವನು ತಾನೇ ಇರಬೇಕು. ಕುಡಿದ ನೆನಪಿರಲಿಲ್ಲ.

ಇಪ್ಪತ್ತನೇ ತಾರೀಕೂ ಬಂತು. ಪೆನ್ಸಿಲ್ ಹಿಡಿದು ಬೆಳಿಗ್ಗೆಯಿಂದ ಸಂಜೆಯವರೆಗೆ ಖಾಲಿ ಕಾಗದದ ಮುಂದೆ ಕೂತಿದ್ದು ಎದ್ದ. ಒಂದಕ್ಷರ ಬರಲಿಲ್ಲ. ಅದರ ಬದಲು, ಪುಟ್ಟ ಕೋಣೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಕಾಗದ ಉದ್ದಕ್ಕೆ ಬಿರಿದು ಕೂತಿತ್ತು.

'ಅವನು ಅಳುತ್ತಿದ್ದರೆ ಕಿವಿ ಮುಚ್ಚಿಕೋಬೇಡ. ಹೋಗು.'

ಅವತ್ತಿನಿಂದ ಅವನು ಕಿವಿಗೊಟ್ಟು ನಿಲ್ಲತೊಡಗಿದ. ಕೆಲಸದಿಂದ ಬಂದವನೇ ಪುಟ್ಟ ಕೋಣೆಯ ಹೊರಗೆ, ಚಪ್ಪಲಿಯನ್ನೂ ಬಿಡದೆ. ಒಳಗೆ ರಟ್ಟುಗಳ ಹಿಂದೆ ಪಟ್ ಎನ್ನುವುದು. ಆಮೇಲೆ ಸುಮ್ಮನಾಗುವುದು. ಆ ಮೌನದಲ್ಲಿ ಯಾರೋ ಅಳು ನುಂಗಿಕೊಂಡು ಕೂತಿದ್ದಾರೆ ಎಂದು ಅವನಿಗೆ ಖಾತ್ರಿಯಿತ್ತು. ಹೋಗಬೇಕು, ಆದರೆ ಹೋಗಿ ಏನು ಮಾಡಬೇಕೆಂದು ಚೀಟಿ ಹೇಳಿರಲಿಲ್ಲ. ಅವನಿಗೆ ಅಷ್ಟು ಹೆದರಿಕೆ ಜೀವಮಾನದಲ್ಲಿ ಆಗಿರಲಿಲ್ಲ, ಅಷ್ಟು ಕನಿಕರವೂ ಯಾರ ಮೇಲೂ ಹುಟ್ಟಿರಲಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಅಕ್ಕ ಬಂದಳು. ತನ್ನ ಹತ್ತಿರವಿದ್ದ ಬೀಗದಕೈಯಿಂದ ಬಾಗಿಲು ತೆಗೆದು ಒಳಗೆ ಕಾಲಿಟ್ಟವಳಿಗೆ ಮೊದಲು ಕಂಡದ್ದು ಮೇಜು. ಎರಡು ಲೋಟ. ಒಂದು ಖಾಲಿ, ಒಂದರಲ್ಲಿ ಹಾಲು. ಖಾಲಿ ಕುರ್ಚಿಗೆ ಹೊದಿಸಿದ ಸ್ವೆಟರ್. ಆಚೆ, ಪುಟ್ಟ ಕೋಣೆಯ ಗೋಡೆಗೆ ಕಿವಿ ಹಚ್ಚಿ ನಿಂತ ತಮ್ಮ.

"ಏನೋ ಇದು? ಯಾರಿಗೋ ಹಾಲು?"

"ಅವನಿಗೆ" ಎಂದ. ಅಷ್ಟು ಹೇಳಲು ಅವನಿಗೆ ನಿಮಿಷ ಹಿಡಿಯಿತು.

ಅಕ್ಕ ಖಾಲಿ ಕುರ್ಚಿಯನ್ನೂ ತಮ್ಮನನ್ನೂ ನೋಡಿದಳು. ಕಳೆದ ವರ್ಷ ಮೈ ಸೋತಿತ್ತು, ಈ ವರ್ಷ ತಲೆಯೂ ಹೋಯಿತು ಎಂದುಕೊಂಡಳು. ಹಗ್ಗದ ಮೇಲಿದ್ದ ಅವನ ಅಂಗಿಗಳನ್ನು ಎಳೆದೆಳೆದು ಚೀಲಕ್ಕೆ ತುರುಕತೊಡಗಿದಳು.

"ಸಾಕು. ಮಾತು ಮಾತೇ. ಸಾಯಂಕಾಲದ ರೈಲಿಗೆ ಹೊರಡೋಣ. ಉಳಿದ ಬಟ್ಟೆ ಎಲ್ಲಿಟ್ಟಿದೀಯ? ಬೀರುವಿನಲ್ಲಾ?"

ಬೀರುವಿನ ಹತ್ತಿರ ಹೋದವಳು ಅಲ್ಲೇ ನಿಂತಳು. ಕೈಯಲ್ಲಿದ್ದ ಅಂಗಿ ಕೆಳಗೆ ಬಿತ್ತು. ಗೋಡೆಯಿಂದ ಗೋಡೆಗೆ ಹೋದಳು. ಒಲೆ, ಹಾಸಿಗೆ, ಹಿತ್ತಲ ಬಾಗಿಲು. ನೀಲಿ ಅಕ್ಷರದ ಮೇಲೆ ಬೆರಳಿಟ್ಟಳು, ಸುಟ್ಟವಳಂತೆ ತೆಗೆದಳು.

"ಇದನ್ನ ನಾನು ಬರೆದಿಲ್ಲ" ಎಂದ ಅಂಟಣ್ಣ. ಬಹಳ ದಿನದ ಮೇಲೆ ಬಂದ ಪೂರ್ತಿ ವಾಕ್ಯ ಅದು. "ಬೇಸಿಗೆಯವನು ಬರೆದಿರ್ಬೇಕು."

"ಅಮ್ಮ ಬರೆದಿದ್ದು ಕಣೋ" ಎಂದಳು ಅಕ್ಕ. ಎಂದವಳು ನೆಲದ ಮೇಲೆ ಕೂತುಬಿಟ್ಟಳು.

ನಲವತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಅವತ್ತು ಹೇಳಿದಳು. ಎಲೆ ಉದುರುವ ಕಾಲ ಬಂದರೆ ಅಮ್ಮ ಹೀಗೇ ಇಳಿದುಬಿಡುತ್ತಿದ್ದಳು. ಅದಕ್ಕೆ ಮೊದಲೇ ನೀಲಿ ಪೆನ್ಸಿಲಿನಲ್ಲಿ ಬರೆದು ಮನೆ ತುಂಬಾ ಅಂಟಿಸುತ್ತಿದ್ದಳು. ಅದರ ಮೇಲೇ ಅವಳ ಚಳಿಗಾಲ ನಡೆಯುತ್ತಿತ್ತು. ಅಪ್ಪ ಕೆಟ್ಟವರೇನಲ್ಲ. ಜನ ಏನಂತಾರೋ ಎನ್ನುವ ಕಾಯಿಲೆ ಒಂದು ಅವರನ್ನು ಜೀವನಪೂರ್ತಿ ಕಾಡಿತು. ನೆಂಟರು ಬರುವವರಿದ್ದರು. ಹೆಂಡತಿ ಹಾಲು ಕಾಯಿಸುವುದಕ್ಕೂ ಚೀಟಿ ನೋಡುತ್ತಾಳೆ ಎಂದು ಗೊತ್ತಾದರೆ ಮಾನ ಏನಾಗಬೇಡ? ಕಿತ್ತರೆ ಕಲೆ ಉಳಿಯುತ್ತದೆಂದು, ಹೂಬಳ್ಳಿಯ ಕಾಗದ ತಂದು ಒಂದೇ ದಿನದಲ್ಲಿ ಎಲ್ಲದರ ಮೇಲೂ ಅಂಟಿಸಿ ಕೈ ತೊಳೆದುಕೊಂಡರು. ಆ ಹಳೆಯ ಅಂಟೇ ಈಗ ಹೊಸ ಹೀಟರಿನ ಕಾವಿಗೆ ಒಣಗಿ, ಪಟ್ ಪಟ್ ಎಂದು ಬಿಟ್ಟುಕೊಳ್ಳುತ್ತಿತ್ತು.

"ಅಂಟಿನ ಬಟ್ಟಲು ಹಿಡ್ಕೊಂಡಿದ್ದು ನಾನು" ಎಂದಳು ಅಕ್ಕ. "ಹನ್ನೊಂದು ವರ್ಷ ನನಗೆ. ಅಮ್ಮ ಅಡುಗೆಮನೇಲಿ ನಿಂತು ನೋಡ್ತಾನೇ ಇದ್ಳು, ಒಂದು ಮಾತೂ ಆಡ್ಲಿಲ್ಲ. ಮಾರನೇ ದಿನದಿಂದ ಏನು ಮಾಡ್ಬೇಕು ಅಂತ್ಲೇ ಅವಳಿಗೆ ಗೊತ್ತಾಗ್ತಿರ್ಲಿಲ್ಲ. ಊಟ ಬಿಟ್ಳು. ಎದೇಲಿ ಕಫ ಕಟ್ತು, ಆಸ್ಪತ್ರೆಗೆ ಹೋದವಳು ಬರ್ಲೇ ಇಲ್ಲ. ನಿನ್ನನ್ನ ಹಾಗೆ ನೋಡಿದಾಗ ನಂಗೆ ಇನ್ನೇನು ಕಾಣ್ಬೇಕು ಹೇಳು."

ಅವನು ಮೇಜಿನ ಕಡೆ ನೋಡುತ್ತಿದ್ದ. ಎರಡನೆಯ ಲೋಟ. ಸ್ವೆಟರ್. ಚಿಲಕ. ಅಳು.

"ಅವನು ಅಂದ್ರೆ ನಾನಾ?" ಎಂದು ಕೇಳಿದ.

"ಮತ್ತಿನ್ಯಾರು? ಮನೇಲಿ ಇದ್ದ ಗಂಡುಮಗು ನೀನೊಬ್ನೇ ಅಲ್ವಾ."

ಅವನು ಕುರ್ಚಿಯ ಹತ್ತಿರ ಹೋಗಿ ಸ್ವೆಟರಿನ ತೋಳನ್ನು ಸರಿಮಾಡಿದ. ಅಕ್ಕ ಕಣ್ಣೊರೆಸಿಕೊಂಡು ನಡುಕೋಣೆಯ ಕಿಟಕಿ ತೋರಿಸಿದಳು.

"ಅಲ್ಲಿ ಇನ್ನೊಂದಿದೆ. ಅಮ್ಮ ನಿಲ್ತಿದ್ದ ಜಾಗ. ಅದರ ಮೇಲೆ ಕಾಗದ ಒತ್ತಿದ್ದು ನಾನೇ, ನನ್ನ ಕೈಯಾರೆ. ಏನು ಬರೆದಿದ್ಳು ಅಂತ ಓದೋಕೆ ಧೈರ್ಯ ಆಗ್ಲಿಲ್ಲ."

ಅಂಟಣ್ಣ ತನ್ನ ಕೆಲಸದ ಚೀಲದಿಂದ ಸಾಮಾನು ತೆಗೆದ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಕಿಟಕಿಯ ಪಕ್ಕದ ಕಾಗದದ ಮೇಲೆ ಹಾಸಿ ಕಾದ. ಮೈದಾ ಅಂಟಿಗೆ ಎಷ್ಟು ಹೊತ್ತು ಬೇಕೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಒಂದು ತಿಂಗಳಿಂದ ಭಾರವಾಗಿದ್ದ ಕೈಗಳು ಈ ಕೆಲಸದಲ್ಲಿ ಮಾತ್ರ ಹಗುರವಾಗಿದ್ದವು. ತೆಳು ಅಲಗು ತೂರಿಸಿ, ಅಂಚಿನಿಂದ ಅಂಚಿಗೆ, ಹೂಬಳ್ಳಿಯನ್ನು ಒಂದೇ ಹಾಳೆಯಾಗಿ ಎತ್ತಿದ. ಅಡಿಯಲ್ಲಿ ನೀಲಿ ಅಕ್ಷರ ಒಂದೂ ಅಳಿಸಿರಲಿಲ್ಲ.

'ಅವನು ಕರೆದರೆ ತಿರುಗು. ಎಷ್ಟು ಹೊತ್ತಾದರೂ ಸರಿ. ತಿರುಗಿ ಅವನನ್ನು ನೋಡು.'

ಅವನು ಗೋಡೆಗೆ ಮುಖಮಾಡಿ ನಿಂತೇ ಇದ್ದ. ಕಿಟಕಿಯ ಹತ್ತಿರದ ಬೆನ್ನು ನೆನಪಾಯಿತು. ಬೇಗ ತಿರುಗುತ್ತಿರಲಿಲ್ಲ ಎಂಬುದಷ್ಟೇ ಇಷ್ಟು ವರ್ಷ ನೆನಪಿದ್ದದ್ದು. ಈಗ ಅದರ ಮುಂದಿನದು ನೆನಪಾಯಿತು. ಅವಳು ತಿರುಗುತ್ತಿದ್ದಳು. ಪ್ರತಿ ಸಲ ತಿರುಗುತ್ತಿದ್ದಳು. ಒಂದು ಕೈ ಗೋಡೆಗೆ ಊರಿಕೊಂಡು, ಮೊದಲು ಭುಜ, ಆಮೇಲೆ ಕುತ್ತಿಗೆ, ಎಲ್ಲಕ್ಕಿಂತ ಕೊನೆಗೆ ಕಣ್ಣು. ಅಷ್ಟು ಹೊತ್ತು ಕಾಯಲಾರದೆ ಹೊರಟುಹೋಗುತ್ತಿದ್ದವನು ಅವನೇ.

"ತಮ್ಮಾ" ಎಂದು ಹಿಂದಿನಿಂದ ಅಕ್ಕ ಕರೆದಳು.

ಅವನಿಗೆ ಕೇಳಿಸಿತು. ತಿರುಗಬೇಕು ಎನ್ನುವುದು ಎಲ್ಲೋ ಆಳದಿಂದ ಹೊರಟು ಮೈಯುದ್ದಕ್ಕೂ ನಡೆದು ಬರಬೇಕಾಗಿತ್ತು. ಗೋಡೆಗೆ ಕೈ ಊರಿದ. ಮೊದಲು ಭುಜ ತಿರುಗಿತು. ಅಕ್ಕ ಎರಡನೆಯ ಸಲ ಕರೆಯಲಿಲ್ಲ, ಹತ್ತಿರ ಬಂದು ಮೈ ಹಿಡಿದು ಅಲ್ಲಾಡಿಸಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು, ನಲವತ್ತು ವರ್ಷದ ಹಿಂದೆ ಸತ್ತವಳು ಕಿಟಕಿಯಿಂದ ಇತ್ತ ತಿರುಗುವುದನ್ನು ನೋಡುತ್ತಾ ನಿಂತಳು. ಕೊನೆಗೆ ಅವನ ಕಣ್ಣು ಅವಳ ಮುಖಕ್ಕೆ ಬಂದು ತಲುಪಿತು.

ಅಕ್ಕ ಚೀಲ ಎತ್ತಿಕೊಂಡಳು. ತುರುಕಿದ್ದ ಅಂಗಿಗಳನ್ನು ಒಂದೊಂದಾಗಿ ತೆಗೆದು, ಕೊಡವಿ, ಮತ್ತೆ ಹಗ್ಗದ ಮೇಲೆ ಹಾಕಿದಳು. ಸ್ವೆಟರ್ ಹೊದ್ದ ಕುರ್ಚಿಯನ್ನು ಎಳೆದುಕೊಂಡು ಕೂತು, ತಣ್ಣಗಾಗಿದ್ದ ಎರಡನೆಯ ಲೋಟದ ಹಾಲನ್ನು ಕೆನೆ ಸಮೇತ ಕುಡಿದು ಮುಗಿಸಿದಳು.

"ಅರವತ್ತು ಚೀಟಿ ಅಲ್ವಾ ಬೇಕಾಗೋದು?" ಎಂದಳು. "ನೀನು ಅಂಟು ಕುದಿಸು. ಪೆನ್ಸಿಲ್ ಎಲ್ಲಿದೆ?"